ಬೀಗವಿಲ್ಲದ ಬೀರು

ಬೆತ್ತವೂ ಇಲ್ಲ, ಬಹುಮಾನವೂ ಇಲ್ಲ. ಆಗಲೂ ಮಕ್ಕಳು ಕಲಿಯುತ್ತಾರೆಯೇ?

1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ಯೊಂದು ಆರಂಭವಾಯಿತು. ಅದರ ಹೊಣೆ ಹೊತ್ತವರು ವೈದ್ಯೆ ಮಾರಿಯಾ ಮಾಂಟೆಸ್ಸರಿ. ಕಲಿಕೆಯ ಸಾಮಗ್ರಿಗಳನ್ನು ಅಲ್ಲಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಮ್ಮೆ ಶಿಕ್ಷಕಿ ಬೀಗ ಹಾಕುವುದನ್ನು ಮರೆತರು. ಮರುದಿನ ಬಂದು ನೋಡಿದರೆ ಮಕ್ಕಳೇ ಸಾಮಗ್ರಿ ತೆಗೆದುಕೊಳ್ಳುತ್ತಿದ್ದಾರೆ! ಶಿಕ್ಷಕಿಗೆ ಅದು ಕಳ್ಳತನವೆನಿಸಿತು. ಮಾಂಟೆಸ್ಸರಿಯವರಿಗೆ ಅದು ಆಯ್ಕೆಯಾಗಿ ಕಂಡಿತು. ಮುಂದೆ ಮಕ್ಕಳ ಕೈಗೆಟಕುವ, ಬೀಗವಿಲ್ಲದ ಗಿಡ್ಡ ಬೀರುಗಳು ಬಂದವು.

ಇದು ಮನಸ್ಸಿಗೆ ಬಂದಂತೆ ಕುಣಿಯುವ ಸ್ವಾತಂತ್ರ್ಯವಲ್ಲ. ಮರದ ದಿಮ್ಮಿಯ ಒಂದೊಂದು ಕುಳಿಗೂ ಅದರ ಅಳತೆಯದೇ ಒಂದು ಗುಂಡು ಬಿಲ್ಲೆ. ತಪ್ಪಿದರೆ ಕೊನೆಯದು ಹೊಂದುವುದಿಲ್ಲ. ಗದರಿಸುವವರು ಬೇಡ, ಮಗು ತಾನೇ ತಿದ್ದಿಕೊಳ್ಳುತ್ತದೆ.

ಬಹುಮಾನದ ಮಾತೇನು? 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಪ್ರಶಸ್ತಿಪತ್ರದ ಆಸೆ ತೋರಿಸಿ ಚಿತ್ರ ಬರೆಸಿದರು. ಕೆಲದಿನಗಳ ನಂತರ ಬಿಡುವಿನ ಆಟದಲ್ಲಿ, ಈ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದರ ಸುಮಾರು ಅರ್ಧದಷ್ಟು ಮಾತ್ರ. ಆಸೆ ತೋರಿಸದೆ, ಕೊನೆಯಲ್ಲಿ ಪತ್ರ ಪಡೆದವರ ಒಲವು ಕುಗ್ಗಲಿಲ್ಲ.

ಸ್ವಂತ ಯೋಚನೆಗೆ ಸರ್ವಾಧಿಕಾರಿಗಳು ಅಂಜುತ್ತಾರೆ. ಮೊದಲು ಮಾಂಟೆಸ್ಸರಿ ಶಾಲೆಗಳಿಗೆ ಬೆಂಬಲವಿತ್ತ ಮುಸೊಲಿನಿಯ ಆಡಳಿತವೇ ಮುಂದೆ ಅವುಗಳನ್ನು ಮುಚ್ಚಿಸಿತು. 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನೀಡಿದರು.

ಅಂಕಗಳು ಬೇಕು, ನಿಜ. ಆದರೆ ಪರೀಕ್ಷೆ ಮುಗಿದ ಮೇಲೂ ತೆರೆಯಬೇಕೆನಿಸುವ ಪುಸ್ತಕ ನಿಮ್ಮ ಬಳಿ ಯಾವುದಿದೆ? ನಿಮ್ಮ ಕಲಿಕೆ ಅಲ್ಲಿಂದ ಶುರು.