ಬಳ್ಳಾರಿ ಕೋಟೆಯ ಒಂದು ಐತಿಹ್ಯ: ಮರುಪರಿಶೀಲನೆ

ಬಳ್ಳಾರಿ ನಗರದ ಬಯಲಿನಿಂದ ಒಮ್ಮೆಲೇ ಮೇಲೆದ್ದು ನಿಂತಿರುವ ಎರಡು ಕಲ್ಲುಬೆಟ್ಟಗಳಲ್ಲಿ ಒಂದು ಬಳ್ಳಾರಿ ಗುಡ್ಡ, ಇನ್ನೊಂದು ಕುಂಬಾರ ಗುಡ್ಡ. ಕೋಟೆಯಿರುವುದು ಮೊದಲನೆಯದರಲ್ಲಿ. ಈ ಕೋಟೆಯನ್ನು ಕುರಿತ ಅತ್ಯಂತ ಪ್ರಸಿದ್ಧ ಐತಿಹ್ಯವು ಈ ಎರಡು ಗುಡ್ಡಗಳ ಎತ್ತರದ ಅಂತರವನ್ನೇ ಆಧರಿಸಿದೆ.

ಹೈದರಾಲಿಯು ಫ್ರೆಂಚ್ ಎಂಜಿನಿಯರೊಬ್ಬನಿಂದ ಕೋಟೆಯನ್ನು ಕಟ್ಟಿಸಿದನೆಂದೂ, ಕಾಮಗಾರಿ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರವಾಗಿದ್ದು, ಅಲ್ಲಿಂದ ಕೋಟೆಯನ್ನು ಸುಲಭವಾಗಿ ಗುರಿಯಿಡಬಹುದೆಂದು ತಿಳಿದು, ಕೋಪಗೊಂಡು ಅವನನ್ನು ಗಲ್ಲಿಗೇರಿಸಿದನೆಂದೂ ಪ್ರತೀತಿ. ಪೂರ್ವದ ಬಾಗಿಲ ಬಳಿಯ ಗೋರಿಯೊಂದನ್ನು ಆ ಎಂಜಿನಿಯರನದೆಂದು ತೋರಿಸುವುದುಂಟು. ಅದು ಮುಸ್ಲಿಂ ಸಂತನೊಬ್ಬನ ಸಮಾಧಿಯೆಂಬ ನಂಬಿಕೆಯೂ ಇದೆ.

ಈ ಕಥನವನ್ನು ಕೋಟೆಯ ರಚನಾಕ್ರಮದೊಂದಿಗೆ ಹೋಲಿಸಿ ನೋಡುವುದು ಅಗತ್ಯ. ಬಳ್ಳಾರಿಯದು ಒಂದೇ ಕಾಲದ ಕೋಟೆಯಲ್ಲ. ಬೆಟ್ಟದ ನೆತ್ತಿಯ ಮೇಲಿನ ಕೋಟೆಯು ವಿಜಯನಗರದ ಅಧೀನನಾಗಿದ್ದ ಹನುಮಪ್ಪ ನಾಯಕನದೆಂಬುದು ಪರಂಪರಾಗತ ಅಭಿಪ್ರಾಯ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಆದವಾನಿಯ ಬಸಾಲತ್ ಜಂಗನು ಬಳ್ಳಾರಿಯನ್ನು ಮುತ್ತಿದಾಗ ಪಾಳೆಯಗಾರನು ಹೈದರನ ನೆರವನ್ನು ಬೇಡಿದನು. ನೆರವಿಗೆ ಬಂದ ಹೈದರನು ಮುತ್ತಿಗೆಯನ್ನು ಮುರಿದು, ಕೋಟೆಯನ್ನು ತಾನೇ ವಶಪಡಿಸಿಕೊಂಡನು. ಅನಂತರ ಮೇಲಿನ ಕೋಟೆ ಜೀರ್ಣೋದ್ಧಾರಗೊಂಡು, ಬೆಟ್ಟದ ಬುಡದಲ್ಲಿ ಕೆಳಗಿನ ಕೋಟೆ ನಿರ್ಮಾಣವಾಯಿತು.

ಹೀಗಿರುವಾಗ, ಬೆಟ್ಟದ ಆಯ್ಕೆ ನಾಯಕರ ಕಾಲದ್ದು, ಎಂಜಿನಿಯರನದಲ್ಲ ಎಂಬುದು ಸ್ಪಷ್ಟ. ಎರಡು ಗುಡ್ಡಗಳೂ ಬಯಲಿನಲ್ಲಿ ಎದುರೆದುರಾಗಿ ಕಾಣುವುದರಿಂದ, ಅವುಗಳ ಎತ್ತರದ ಅಂತರವು ಕಾಮಗಾರಿ ಮುಗಿಯುವವರೆಗೆ ಯಾರ ಗಮನಕ್ಕೂ ಬಾರದಿದ್ದಿತೆಂಬುದೂ ಅಸಂಭವ. ಆದಕಾರಣ ಐತಿಹ್ಯದಲ್ಲಿ ಹೇಳಲಾಗುವ ಅಪರಾಧವನ್ನು ಆ ವ್ಯಕ್ತಿಗೆ ಆರೋಪಿಸಲಾಗದು.

ಆದರೆ ಐತಿಹ್ಯವು ನಿರರ್ಥಕವಲ್ಲ. ಕಡಿದಾದ ಬಂಡೆ, ಒಂದೇ ದುರ್ಗಮ ದಾರಿ, ಮಳೆನೀರು ಹಿಡಿದಿಡುವ ಕಲ್ಲಿನ ದೊಣೆಗಳು ಇವು ಹಳೆಯ ಗಿರಿದುರ್ಗದ ಬಲಗಳು. ಫಿರಂಗಿಯ ಬಳಕೆ ಬೆಳೆದ ಮೇಲೆ ತನ್ನ ಬೆಟ್ಟದ ಕಡಿದು ಮಾತ್ರ ಸಾಲದಾಯಿತು. ಸಮೀಪದ ಎತ್ತರವೂ ರಕ್ಷಣೆಯ ಪ್ರಶ್ನೆಯಾಯಿತು. ಯುದ್ಧತಂತ್ರದ ಈ ಪಲ್ಲಟವನ್ನು ಜನಮನವು ಒಬ್ಬ ಪರದೇಶಿಯ ಮರಣದ ಕಥೆಯಾಗಿ ಉಳಿಸಿಕೊಂಡಂತಿದೆ.

1792ರಲ್ಲಿ ಬಳ್ಳಾರಿ ನಿಜಾಮನಿಗೂ, 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ಸೇರಿತು. ಕೆಳಗಿನ ಕೋಟೆಯೊಳಗೆ ಕಾಲಕ್ರಮದಲ್ಲಿ ಕಚೇರಿ, ಶಾಲೆ, ಚರ್ಚುಗಳು ನೆಲೆಗೊಂಡವು. ಮೇಲಿನ ಕೋಟೆ ಜನವಸತಿಯಿಂದ ದೂರವೇ ಉಳಿಯಿತು. ಕೋಟೆಯನ್ನು ಹತ್ತಿ ನೋಡುವವರಿಗೆ ಗಲ್ಲಿನ ಕಥೆಯನ್ನಷ್ಟೇ ಹೇಳಿದರೆ ಹನುಮಪ್ಪ ನಾಯಕನ ಹೆಸರು ಮರೆಗೆ ಸರಿಯುತ್ತದೆ. ಎರಡು ಕೋಟೆಗಳನ್ನು ಎರಡು ಯುಗಗಳ ರಚನೆಗಳೆಂದು ಬೇರ್ಪಡಿಸಿ ಅಭ್ಯಸಿಸುವುದೇ ಬಳ್ಳಾರಿಯ ಇತಿಹಾಸಕ್ಕೆ ಸಲ್ಲಬೇಕಾದ ನ್ಯಾಯ.