ಸಕ್ಕರೆ ದುಡ್ಡಿನ ಬಂಗಲೆಯಲ್ಲಿ ಶಾಲೆ ಮಕ್ಕಳು

ಇಂಗ್ಲೆಂಡಿನ ಲೀಡ್ಸ್ ಹತ್ತಿರ ಹೇರ್‌ವುಡ್ ಹೌಸ್ ಅಂತ ಒಂದು ಭಾರೀ ಬಂಗಲೆ ಇದೆ. ಎಡ್ವಿನ್ ಲ್ಯಾಸೆಲ್ಸ್ ಎಂಬ ಶ್ರೀಮಂತ 1759ರಲ್ಲಿ ಕಟ್ಟಿಸಲು ಶುರುಮಾಡಿ 1771ರಲ್ಲಿ ವಾಸಕ್ಕೆ ಬಂದ. ಒಳಗೆ ಚಿಪ್ಪೆಂಡೇಲ್‌ನ ಮೇಜು-ಕುರ್ಚಿ, ರೆನಾಲ್ಡ್ಸ್ ಬರೆದ ಚಿತ್ರಗಳು. ಹೊರಗೆ ಬ್ರೌನ್ ರೂಪಿಸಿದ ಉದ್ಯಾನ, ಕೆರೆ. 1986ರಿಂದ ಇದನ್ನೆಲ್ಲ ಒಂದು ಶೈಕ್ಷಣಿಕ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಶಾಲೆ ಮಕ್ಕಳು ಪಾಠಕ್ಕೆಂದೇ ಇಲ್ಲಿಗೆ ಬರುತ್ತಾರೆ.

ಚಿತ್ರಕಲೆ, ಗಿಡಮರದ ಪಾಠ ಸುಲಭ. ಚರಿತ್ರೆಯ ಪಾಠವೇ ಕಷ್ಟ. ಯಾಕೆ ಗೊತ್ತೇ? ಮನೆತನದ ದುಡ್ಡು ಬಂದದ್ದು ವೆಸ್ಟ್ ಇಂಡೀಸ್‌ನ ಸಕ್ಕರೆ, ಗುಲಾಮರ ವ್ಯಾಪಾರ ಮತ್ತು ತೋಟದ ಮಾಲೀಕರಿಗೆ ಕೊಟ್ಟ ಸಾಲದಿಂದ. 1833ರಲ್ಲಿ ಬ್ರಿಟನ್ ಗುಲಾಮಗಿರಿ ರದ್ದತಿ ಕಾಯ್ದೆ ತಂದ ಮೇಲೆ, 1,200ಕ್ಕೂ ಹೆಚ್ಚು ಗುಲಾಮರ ಬಾಬ್ತು ಈ ಮನೆತನಕ್ಕೆ ಸುಮಾರು 26,000 ಪೌಂಡ್ ಪರಿಹಾರ ಸಿಕ್ಕಿತು. ದುಡಿದವರಿಗೆ ಒಂದು ಕಾಸೂ ಇಲ್ಲ!

ಈಗಿನವರು ಇದನ್ನು ಮುಚ್ಚಿಡುವುದಿಲ್ಲ, ಮೆಚ್ಚಬೇಕಾದ್ದೇ. ತೋಟಗಳ ಹಳೆಯ ಕಾಗದಪತ್ರಗಳು ಯಾರ್ಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಗುಲಾಮರ ವ್ಯಾಪಾರ ನಿಷೇಧವಾಗಿ 200 ವರ್ಷ ತುಂಬಿದ 2007ರಲ್ಲಿ, ಜೆರಾಲ್ಡೀನ್ ಕಾನರ್ ಅವರ 'ಕಾರ್ನಿವಲ್ ಮೆಸಾಯ' ಇದೇ ಆವರಣದಲ್ಲಿ ಪ್ರದರ್ಶನಗೊಂಡಿತು.

"ಎಷ್ಟು ಚೆನ್ನಾಗಿದೆ!" ಅಂತ ಮಕ್ಕಳು ಬೆರಗಾಗಲಿ, ತಪ್ಪಿಲ್ಲ. ಆದರೆ "ಇದಕ್ಕಾಗಿ ದುಡಿದವರು ಯಾರು?" ಅಂತಲೂ ಕೇಳಬೇಕು. ಆ ಪ್ರಶ್ನೆ ಹುಟ್ಟದೆ ವಾಪಸ್ ಬಸ್ಸು ಹತ್ತಿದರೆ ಅದು ಬರೀ ಪಿಕ್ನಿಕ್, ಅಲ್ವೇ?