ವಿಶ್ವಶಾಂತಿ ಚಿಂತನೆ: ಪುಣೆಯ ಪರಂಪರೆ

ವಾಣಿಜ್ಯ, ಸಾಮ್ರಾಜ್ಯ, ಮುದ್ರಣಗಳ ಮೂಲಕ ಜಗತ್ತಿನ ಜನಾಂಗಗಳು ಪರಸ್ಪರ ಸಮೀಪಕ್ಕೆ ಬರುತ್ತಿರಲು, ಆ ಸಾಮೀಪ್ಯವು ಸೌಹಾರ್ದವಾಗಿ ಪರಿಣಮಿಸುವುದಕ್ಕೆ ಬೇಕಾದ ಆಧಾರವಾವುದೆಂಬ ಪ್ರಶ್ನೆಯನ್ನು ಕುರಿತು ಪುಣೆಯಲ್ಲಿಯೂ ಅದರ ಪರಿಸರದಲ್ಲಿಯೂ ಬೆಳೆದ ತಾತ್ತ್ವಿಕ ವಿಚಾರಧಾರೆ. ಇದರಲ್ಲಿ ಸಮಾನತೆಯನ್ನು ಆಧಾರವೆಂದು ಹಿಡಿದ ಪಂಥವೊಂದು, ಅನುಭಾವವನ್ನು ಹಿಡಿದ ಪಂಥ ಮತ್ತೊಂದು.

ಪೂರ್ವಪೀಠಿಕೆ: ಪುಣೆಗೆ ಸಮೀಪದ ಆಳಂದಿಯಲ್ಲಿ 1296ರಲ್ಲಿ ಸಮಾಧಿಸ್ಥನಾದ ಸಂತ ಜ್ಞಾನೇಶ್ವರನು, 1290ರಲ್ಲಿ ಮುಗಿಸಿದ ತನ್ನ ಗೀತಾವ್ಯಾಖ್ಯಾನದ ಅಂತ್ಯದಲ್ಲಿ ದುರ್ಜನರ ನಾಶವನ್ನು ಬೇಡದೆ ಅವರ ದುರ್ಬುದ್ಧಿಯ ನಾಶವನ್ನೂ ಸಕಲ ಜೀವಿಗಳ ಮೈತ್ರಿಯನ್ನೂ ಬೇಡಿದನು. ‘ಪಸಾಯದಾನ’ವೆಂದು ಪ್ರಸಿದ್ಧವಾದ ಈ ಪ್ರಾರ್ಥನೆಯೇ ಮುಂದಿನ ಚಿಂತನೆಗೆ ಭಾವಭೂಮಿಯಾಯಿತು.

ಸಮಾನತೆಯ ಪಂಥ: ಪುಣೆಯಲ್ಲಿ 1848ರಲ್ಲಿ ಬಾಲಿಕೆಯರ ಶಾಲೆಯನ್ನು ತೆರೆದ ಜ್ಯೋತಿಬಾ ಫುಲೆಯವರು, ಥಾಮಸ್ ಪೇನನ ಗ್ರಂಥದಿಂದ ಪ್ರೇರಣೆ ಪಡೆದು, 1873ರ ತಮ್ಮ ‘ಗುಲಾಮಗಿರಿ’ಯನ್ನು ದಾಸ್ಯವಿಮೋಚನೆಗೆ ಹೋರಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸುವ ಮೂಲಕ, ಇಲ್ಲಿಯ ಜಾತಿಪೀಡಿತರ ದುಃಖವನ್ನು ಸಮುದ್ರದಾಚೆಯ ದುಃಖದೊಡನೆ ಬೆಸೆದರು. ಅವರ ಮರಣಾನಂತರ 1891ರಲ್ಲಿ ಪ್ರಕಟವಾದ ‘ಸಾರ್ವಜನಿಕ ಸತ್ಯಧರ್ಮ ಪುಸ್ತಕ’ವು, ಒಂದೇ ಮನೆಯಲ್ಲಿ ತಂದೆ, ತಾಯಿ, ಮಕ್ಕಳು ಭಿನ್ನ ಭಿನ್ನ ಧರ್ಮಗಳನ್ನು ಅನುಸರಿಸಿಯೂ ಪ್ರೀತಿಯಿಂದ ಬಾಳಬಹುದಾದ ಕುಟುಂಬವನ್ನು ಚಿತ್ರಿಸುತ್ತದೆ.

ಅನುಭಾವದ ಪಂಥ: ಜಮಖಂಡಿಯಲ್ಲಿ 1886ರಲ್ಲಿ ಜನಿಸಿ, ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಈ ಪಂಥದ ಪ್ರಮುಖ ಪ್ರತಿಪಾದಕರು. 1926ರ ಉಪನಿಷತ್ ಸಮೀಕ್ಷೆಯಲ್ಲಿ ಅವರು ಋಷಿಗಳ ವಿಚಾರಗಳನ್ನು ಗ್ರೀಕ್ ಹಾಗೂ ಯುರೋಪಿನ ದಾರ್ಶನಿಕರ ವಿಚಾರಗಳೊಡನೆ ತೂಗಿನೋಡಿದರು; 1933ರಲ್ಲಿ ಮಹಾರಾಷ್ಟ್ರದ ಅನುಭಾವವನ್ನು ಕುರಿತು ಬರೆದರು; ಕನ್ನಡದ ಶರಣರನ್ನೂ ದಾಸರನ್ನೂ ಕುರಿತ ಅವರ ಉಪನ್ಯಾಸಗಳು ಅವರು 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟ ಬಳಿಕ ಗ್ರಂಥರೂಪ ತಾಳಿದವು. ದೇಶಕಾಲಗಳು ಬೇರೆಯಾದರೂ ಅನುಭಾವಿಗಳೆಲ್ಲರ ಸಾಕ್ಷಾತ್ಕಾರ ಒಂದೇ, ಅವರೆಲ್ಲರೂ ಒಂದೇ ದಿವ್ಯಸಮಾಜದ ಸದಸ್ಯರು ಎಂಬುದು ಅವರ ಸಿದ್ಧಾಂತ.

ಇತ್ತೀಚಿನ ಬೆಳವಣಿಗೆ: ಪುಣೆಗೆ ಸಮೀಪದ ಲೋಣಿ ಕಾಳಭೋರದಲ್ಲಿ 2018ರ ಅಕ್ಟೋಬರ್ 2ರಂದು ಉದ್ಘಾಟನೆಗೊಂಡ, 160 ಅಡಿ ವ್ಯಾಸದ ವಿಶ್ವಶಾಂತಿ ಗುಮ್ಮಟಕ್ಕೆ ಜ್ಞಾನೇಶ್ವರನ ಹೆಸರನ್ನಿಡಲಾಗಿದೆ, ಸಂತರೊಡನೆ ವಿಜ್ಞಾನಿಗಳ ಪ್ರತಿಮೆಗಳೂ ಅಲ್ಲಿವೆ.

ವಿಮರ್ಶೆ: ಈ ಎರಡು ಪಂಥಗಳು ಪರಸ್ಪರ ಪೂರಕಗಳು. ತಮ್ಮ ಮನೆಯ ನೀರಿನ ಹೌದನ್ನು 1868ರಲ್ಲಿ ಅಸ್ಪೃಶ್ಯರಿಗೆ ತೆರೆದ ಫುಲೆಯವರ ಆಚರಣೆಯಿಲ್ಲದೆ ಆತ್ಮೈಕ್ಯದ ಮಾತು ಟೊಳ್ಳು; ಅಂತಃಕರಣವು ಪರಿಪಾಕಗೊಳ್ಳದೆ ನ್ಯಾಯದ ಕಟ್ಟಳೆಯೂ ಬಾಳದು. ರಾಷ್ಟ್ರಗಳು ಒಪ್ಪಂದಗಳಿಗೆ ಸಹಿಹಾಕುವ ಈ ಕಾಲದಲ್ಲಿಯೂ, ನೆರೆಯವನಿಗೆ ನೀರನ್ನು ನಿರಾಕರಿಸುವ ಸಮಾಜವು ವಿಶ್ವಶಾಂತಿಯನ್ನು ಸಾಧಿಸಲಾರದೆಂಬುದೇ ಈ ಪರಂಪರೆಯ ಸಾರ.